ಸ್ವತಂತ್ರ ಪಕ್ಷ ಮತ್ತು ನೀಲಗಿರಿಯ ನೆಲದ ಪ್ರಶ್ನೆ

ಯುರೋಪಿನ ಕ್ರೈಸ್ತ ಪ್ರಜಾಸತ್ತಾವಾದಿ ಪಕ್ಷಗಳಿಗೆ ಭಾರತದಲ್ಲಿ ನೇರವಾದ ಪ್ರತಿರೂಪವಿಲ್ಲ. 1943ರಲ್ಲಿ ಹುಟ್ಟಿ 1994ರಲ್ಲಿ ವಿಸರ್ಜನೆಗೊಂಡ ಇಟಲಿಯ ಪಕ್ಷವು, ಕುಟುಂಬ ಹಾಗೂ ಸ್ಥಳೀಯ ಸಂಸ್ಥೆಗಳು ಮಾಡಬಲ್ಲ ಕೆಲಸಕ್ಕೆ ಪ್ರಭುತ್ವವು ಕೈಹಾಕಬಾರದೆಂಬ ತತ್ತ್ವವನ್ನು ಚರ್ಚಿನ ಸಾಮಾಜಿಕ ಬೋಧನೆಯಿಂದ ಪಡೆದಿತ್ತು. ಚರ್ಚಿನ ಸ್ಥಾನದಲ್ಲಿ ಧರ್ಮವನ್ನೂ ಗಾಂಧೀಜಿಯವರ ಧರ್ಮದರ್ಶಿತ್ವವನ್ನೂ ಇರಿಸಿದರೆ, ಅದಕ್ಕೆ ಹತ್ತಿರವಾಗಿ ತೋರುವುದು ರಾಜಾಜಿಯವರ ಸ್ವತಂತ್ರ ಪಕ್ಷ. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು; ಇಟಲಿಯ ಪಕ್ಷಕ್ಕಿದ್ದ ಕಾರ್ಮಿಕ ಸಂಘಟನೆಯ ಬೆಂಬಲ ಸ್ವತಂತ್ರಕ್ಕೆ ಇರಲಿಲ್ಲ, ಇದ್ದವರು ರಾಜಮನೆತನದವರು, ಉದ್ಯಮಿಗಳು, ಭೂಹಿಡುವಳಿದಾರರು.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯದ ನಿರ್ಣಯ ಕೈಗೊಂಡಿತು. ಅದೇ ಜೂನ್‌ನಲ್ಲಿ ಮದರಾಸಿನಲ್ಲಿ ಹೊಸ ಪಕ್ಷದ ಘೋಷಣೆಯಾಯಿತು, ಎನ್.ಜಿ. ರಂಗಾ ಅಧ್ಯಕ್ಷರಾದರು. ಲೋಕಸಭೆಯಲ್ಲಿ 1962ರಲ್ಲಿ 18 ಸ್ಥಾನ, 1967ರಲ್ಲಿ 44.

ಆ 44ರಲ್ಲಿ ನೀಲಗಿರಿಯೂ ಒಂದು. 1962ರಲ್ಲಿ ಇಲ್ಲಿಂದ ಆಯ್ಕೆಯಾಗಿದ್ದವರು ಕಾಂಗ್ರೆಸ್ಸಿನ ಅಕ್ಕಮ್ಮಾ ದೇವಿ. 1967ರಲ್ಲಿ ಗೆದ್ದವರು ಸ್ವತಂತ್ರ ಪಕ್ಷದ ಎಂ.ಕೆ. ನಂಜ ಗೌಡರ್. ಇಬ್ಬರೂ ಬಡಗರೇ ಆದ್ದರಿಂದ ಜಾತಿಯ ಲೆಕ್ಕವೊಂದೇ ಈ ಪಲ್ಲಟವನ್ನು ವಿವರಿಸಲಾರದು. ಡಿಎಂಕೆಯೊಡನೆ ಮಾಡಿಕೊಂಡ ಮೈತ್ರಿಯ ಪಾಲು ದೊಡ್ಡದು. ಆದರೂ ಆಲೂಗಡ್ಡೆ, ಎಲೆಕೋಸು, ಚಹಾ ಬೆಳೆಯುವ ಸಣ್ಣ ಹಿಡುವಳಿಗಳ ಬೆಟ್ಟದಲ್ಲಿ ‘ನಿನ್ನ ಹೊಲ ನಿನ್ನದೇ’ ಎಂಬ ಧಾಟಿಯ ಮಾತು ಅಪರಿಚಿತವಾಗಿ ಕೇಳಿಸಿರಲಾರದು. 1971ರಲ್ಲಿ, ಮೈತ್ರಿ ಮುರಿದ ಮೇಲೆ, ಕ್ಷೇತ್ರ ಡಿಎಂಕೆಗೆ ಹೋಯಿತು.

ಗೂಡಲೂರಿನ ಕಥೆ ಬೇರೆ. ಅಲ್ಲಿನ ನೆಲದ ಬಹುಭಾಗ ನಿಲಂಬೂರು ಕೋವಿಲಗದ ಜನ್ಮ ಭೂಮಿ. 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯ್ದೆಯಲ್ಲಿ ಅರಣ್ಯಭೂಮಿಗೆ ಸಂಬಂಧಿಸಿದ ಭಾಗವನ್ನು ಸುಪ್ರೀಂ ಕೋರ್ಟು 1972ರಲ್ಲಿ ರದ್ದುಪಡಿಸಿತು. 1974ರಲ್ಲಿ 34ನೇ ತಿದ್ದುಪಡಿ ಇಡೀ ಕಾಯ್ದೆಯನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿತು. ಇಂಥದೇ ಸೇರ್ಪಡೆಗಳನ್ನು ಮಾಡಿದ 1964ರ 17ನೇ ತಿದ್ದುಪಡಿಯನ್ನು ಕಟುವಾಗಿ ವಿರೋಧಿಸಿದ್ದ ಸ್ವತಂತ್ರ ಪಕ್ಷಕ್ಕೆ ಈಗ ದನಿಯಿರಲಿಲ್ಲ: ರಾಜಾಜಿ 1972ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು, 1974ರಲ್ಲೇ ಪಕ್ಷವು ಚರಣ್ ಸಿಂಗರ ಬಳಗದಲ್ಲಿ ಲೀನವಾಯಿತು.

ಆದರೆ ಪಕ್ಷ ಉಳಿದಿದ್ದರೂ ಗೂಡಲೂರಿನಲ್ಲಿ ಯಾರ ಪರ ನಿಲ್ಲುತ್ತಿತ್ತು? ಅದರ ಆಸ್ತಿಹಕ್ಕಿನ ಪರಿಭಾಷೆ ಪಟ್ಟಾ ಉಳ್ಳವನನ್ನು ಗುರುತಿಸಬಲ್ಲದು. ಕಾಗದವಿಲ್ಲದೆ ಅದೇ ನೆಲದಲ್ಲಿ ದುಡಿದ ಪಣಿಯರನ್ನಲ್ಲ. ಗೂಡಲೂರಿನ ಆ ಪ್ರಕರಣದಲ್ಲೇ 2007ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು, 24 ಏಪ್ರಿಲ್ 1973ರ ನಂತರ ಅನುಸೂಚಿಗೆ ಸೇರಿದ ಕಾನೂನುಗಳೂ ಸಂವಿಧಾನದ ಮೂಲರಚನೆಯ ಪರೀಕ್ಷೆಗೆ ಒಳಪಡುತ್ತವೆಂದು ಹೇಳಿತು. ಕಾಯ್ದೆಯ 17ನೇ ಕಲಮಿನ ಭೂಮಿಯ ತಕರಾರು ಮಾತ್ರ ಆ ತೀರ್ಪಿನಿಂದ ಮುಗಿಯಲಿಲ್ಲ.