ಅಕಾಡೆಮಿ ಪ್ರಶಸ್ತಿಗಳ ಆಯ್ಕೆ ಮತ್ತು ಪ್ರೇಕ್ಷಕರ ಭಿನ್ನಾಭಿಪ್ರಾಯ

ಅಕಾಡೆಮಿ ಪ್ರಶಸ್ತಿ ಅಥವಾ ಆಸ್ಕರ್ ಪ್ರಶಸ್ತಿಯು ಅಮೆರಿಕದ ಚಲನಚಿತ್ರ ಕಲೆ ಮತ್ತು ವಿಜ್ಞಾನಗಳ ಅಕಾಡೆಮಿಯು ಪ್ರತಿವರ್ಷ ನೀಡುವ ಚಲನಚಿತ್ರ ಪ್ರಶಸ್ತಿಯಾಗಿದೆ. ಇದರ ಮೊದಲ ಸಮಾರಂಭವು 1929ರ ಮೇ 16ರಂದು ಹಾಲಿವುಡ್‌ನಲ್ಲಿ ನಡೆಯಿತು. ಪ್ರಶಸ್ತಿ ಗಳಿಸಿದ ಚಿತ್ರಕ್ಕಿಂತ ಸೋತ ಚಿತ್ರವೇ, ಇಲ್ಲವೆ ನಾಮನಿರ್ದೇಶನವೇ ದೊರೆಯದ ಚಿತ್ರವೇ ಉತ್ತಮವಾಗಿತ್ತು ಎಂಬ ವಾದವನ್ನು ಚಿತ್ರಾಭಿಮಾನಿಗಳು ಸಮಾರಂಭಗಳ ನಂತರ ಮಂಡಿಸುವುದು ರೂಢಿಯಾಗಿದೆ. ಈ ಭಿನ್ನಾಭಿಪ್ರಾಯಗಳಿಗೆ ಅಭಿರುಚಿಯ ವ್ಯತ್ಯಾಸವೊಂದೇ ಕಾರಣವಲ್ಲ. ಮತದಾರರು ಯಾರು, ಮತಗಳನ್ನು ಎಣಿಸುವ ಕ್ರಮ ಯಾವುದು, ಪಟ್ಟಿಯಲ್ಲಿ ಎಷ್ಟು ಸ್ಥಾನಗಳಿವೆ ಎಂಬ ಅಂಶಗಳೂ ಫಲಿತಾಂಶವನ್ನು ನಿರ್ಧರಿಸುತ್ತವೆ. ಕೆಲವು ಸಂದರ್ಭಗಳಲ್ಲಿ ಪ್ರೇಕ್ಷಕರ ಟೀಕೆಯು ಅಕಾಡೆಮಿಯ ನಿಯಮಗಳ ಬದಲಾವಣೆಗೂ ದಾರಿಮಾಡಿದೆ. ಈ ಲೇಖನದಲ್ಲಿ ಪ್ರಶಸ್ತಿಗಳಿಗೆ ಸಂಬಂಧಿಸಿ ನೀಡಿರುವ ವರ್ಷಗಳು ಸಮಾರಂಭ ನಡೆದ ವರ್ಷಗಳಾಗಿವೆ.

ಆಯ್ಕೆಯ ವಿಧಾನ

ಆಸ್ಕರ್ ಪ್ರಶಸ್ತಿಗೆ ತೀರ್ಪುಗಾರರ ಸಣ್ಣ ಸಮಿತಿ ಇರುವುದಿಲ್ಲ. ಚಿತ್ರರಂಗದಲ್ಲಿ ದುಡಿಯುವ ಅಕಾಡೆಮಿಯ ಸದಸ್ಯರೇ ಮತದಾರರು. ಮೊದಲ ಹಂತದಲ್ಲಿ ನಟರು ನಟನೆಯ ವಿಭಾಗಗಳಿಗೆ, ನಿರ್ದೇಶಕರು ನಿರ್ದೇಶನ ವಿಭಾಗಕ್ಕೆ, ಹೀಗೆ ಆಯಾ ಶಾಖೆಯವರು ನಾಮನಿರ್ದೇಶನ ಮಾಡುತ್ತಾರೆ. ಅತ್ಯುತ್ತಮ ಚಿತ್ರದ ನಾಮನಿರ್ದೇಶನದಲ್ಲಿ ಎಲ್ಲ ಶಾಖೆಗಳ ಸದಸ್ಯರೂ ಭಾಗವಹಿಸುತ್ತಾರೆ. ನಿರ್ದೇಶನ ಪ್ರಶಸ್ತಿ ಒಂದು ಚಿತ್ರಕ್ಕೂ ಅತ್ಯುತ್ತಮ ಚಿತ್ರ ಪ್ರಶಸ್ತಿ ಇನ್ನೊಂದಕ್ಕೂ ದೊರೆತಾಗ ಅಭಿಮಾನಿಗಳು ಅಚ್ಚರಿಪಡುವುದುಂಟು. ಆದರೆ ಇವೆರಡೂ ಪ್ರತ್ಯೇಕ ಮತದಾನಗಳಾದ್ದರಿಂದ ಅಂಥ ಫಲಿತಾಂಶ ಅಸಂಗತವೇನಲ್ಲ.

ಅಂತಿಮ ಹಂತದಲ್ಲಿ ಬಹುತೇಕ ವಿಭಾಗಗಳಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಐದು ಸ್ಪರ್ಧಿಗಳಿರುವಲ್ಲಿ ಮತಗಳು ಸಮನಾಗಿ ಹಂಚಿಹೋದರೆ, ಶೇಕಡ 20ಕ್ಕಿಂತ ಸ್ವಲ್ಪವೇ ಹೆಚ್ಚು ಮತ ಪಡೆದವರೂ ಗೆಲ್ಲಬಹುದು. ಅತ್ಯುತ್ತಮ ಚಿತ್ರ ವಿಭಾಗದಲ್ಲಿ ಮಾತ್ರ 2010ರಿಂದ ಪ್ರಾಶಸ್ತ್ಯ ಮತದ ಪದ್ಧತಿ ಮರಳಿ ಜಾರಿಗೆ ಬಂದಿದೆ. ಕರ್ನಾಟಕ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿರುವಂತೆ ಇಲ್ಲಿಯೂ ಮತದಾರರು ಚಿತ್ರಗಳಿಗೆ 1, 2, 3 ಎಂದು ಕ್ರಮಾಂಕ ನೀಡುತ್ತಾರೆ. ಉದಾಹರಣೆಗೆ, 100 ಮತಗಳಲ್ಲಿ ‘ಅ’ ಚಿತ್ರಕ್ಕೆ 40, ‘ಆ’ ಚಿತ್ರಕ್ಕೆ 35, ‘ಇ’ ಚಿತ್ರಕ್ಕೆ 25 ಪ್ರಥಮ ಪ್ರಾಶಸ್ತ್ಯದ ಮತಗಳು ಬಂದಿವೆ ಎಂದುಕೊಳ್ಳೋಣ. ಯಾವ ಚಿತ್ರಕ್ಕೂ ಅರ್ಧಕ್ಕಿಂತ ಹೆಚ್ಚು ಮತ ಇಲ್ಲದಿರುವುದರಿಂದ ಕೊನೆಯ ಸ್ಥಾನದ ‘ಇ’ ಹೊರಬೀಳುತ್ತದೆ. ಅದರ 25 ಮತದಾರರಲ್ಲಿ 20 ಮಂದಿ ಎರಡನೆಯ ಆಯ್ಕೆಯಾಗಿ ‘ಆ’ ಚಿತ್ರವನ್ನೂ ಉಳಿದ 5 ಮಂದಿ ‘ಅ’ ಚಿತ್ರವನ್ನೂ ಸೂಚಿಸಿದ್ದರೆ, ‘ಆ’ ಚಿತ್ರವು 55 ಮತಗಳೊಂದಿಗೆ ಗೆಲ್ಲುತ್ತದೆ. ಹೀಗಾಗಿ ಕೆಲವರು ಅತಿಯಾಗಿ ಮೆಚ್ಚಿ ಉಳಿದವರು ತಿರಸ್ಕರಿಸುವ ಚಿತ್ರಕ್ಕಿಂತ, ಹೆಚ್ಚಿನವರಿಗೆ ಒಪ್ಪಿಗೆಯಾಗುವ ಚಿತ್ರಕ್ಕೆ ಈ ಪದ್ಧತಿಯಲ್ಲಿ ಅನುಕೂಲ ಹೆಚ್ಚು. ಅಕಾಡೆಮಿಯು ಮತಗಳ ಸಂಖ್ಯೆಯನ್ನು ಪ್ರಕಟಿಸುವುದಿಲ್ಲ. ಆದುದರಿಂದ ಒಂದು ಚಿತ್ರ ಎಷ್ಟು ಅಂತರದಲ್ಲಿ ಸೋತಿತು ಎಂಬ ಮಾತುಗಳೆಲ್ಲ ಊಹೆಗಳಷ್ಟೇ.

ಹೆಚ್ಚು ಚರ್ಚೆಗೊಳಗಾದ ಆಯ್ಕೆಗಳು

ಸಿಟಿಜನ್ ಕೇನ್ (1942): ಆರ್ಸನ್ ವೆಲ್ಸ್ ನಿರ್ದೇಶನದ ಈ ಚಿತ್ರಕ್ಕೆ ಒಂಬತ್ತು ನಾಮನಿರ್ದೇಶನಗಳು ದೊರೆತರೂ, ಮೂಲ ಚಿತ್ರಕಥೆಗಾಗಿ ಒಂದು ಪ್ರಶಸ್ತಿ ಮಾತ್ರ ಬಂದಿತು. ಅತ್ಯುತ್ತಮ ಚಿತ್ರ ಪ್ರಶಸ್ತಿಯು ಜಾನ್ ಫೋರ್ಡ್ ಅವರ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ಗೆ ಸಂದಿತು. ಕಥಾನಾಯಕನ ಪಾತ್ರವು ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅವರನ್ನು ಹೋಲುತ್ತಿದ್ದುದರಿಂದ ಅವರ ಪತ್ರಿಕೆಗಳು ಚಿತ್ರವನ್ನು ಬಹಿಷ್ಕರಿಸಿದ್ದವು. ಮುಂದೆ ಇದೇ ಚಿತ್ರವು ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ಹತ್ತು ವರ್ಷಗಳಿಗೊಮ್ಮೆ ನಡೆಸುವ ವಿಮರ್ಶಕರ ಸಮೀಕ್ಷೆಯಲ್ಲಿ 1962ರಿಂದ 2002ರವರೆಗೆ ಸತತ ಐದು ಬಾರಿ ಮೊದಲ ಸ್ಥಾನ ಪಡೆಯಿತು.

ವರ್ಟಿಗೊ (1959): ಆಲ್ಫ್ರೆಡ್ ಹಿಚ್‌ಕಾಕ್ ಅವರ ಈ ಚಿತ್ರಕ್ಕೆ ಕಲಾ ನಿರ್ದೇಶನ ಮತ್ತು ಧ್ವನಿ ವಿಭಾಗಗಳಲ್ಲಿ ಮಾತ್ರ ನಾಮನಿರ್ದೇಶನ ದೊರೆಯಿತು, ಪ್ರಶಸ್ತಿ ಬರಲಿಲ್ಲ. 2012ರ ಸೈಟ್ ಅಂಡ್ ಸೌಂಡ್ ಸಮೀಕ್ಷೆಯಲ್ಲಿ ಸಿಟಿಜನ್ ಕೇನ್ ಚಿತ್ರವನ್ನು ಹಿಂದಿಕ್ಕಿದ್ದು ಇದೇ ಚಿತ್ರ.

ಬ್ರೋಕ್‌ಬ್ಯಾಕ್ ಮೌಂಟನ್ (2006): ಇಬ್ಬರು ಪುರುಷರ ನಡುವಣ ಪ್ರೇಮವನ್ನು ಚಿತ್ರಿಸಿದ ಈ ಚಿತ್ರಕ್ಕಾಗಿ ಆಂಗ್ ಲೀ ಅತ್ಯುತ್ತಮ ನಿರ್ದೇಶಕರಾದರು. ಆದರೆ ಅತ್ಯುತ್ತಮ ಚಿತ್ರ ಪ್ರಶಸ್ತಿಯು ‘ಕ್ರ್ಯಾಶ್’ ಪಾಲಾಯಿತು. ವಸ್ತುವಿನ ಬಗೆಗಿನ ಪೂರ್ವಗ್ರಹವೇ ಸೋಲಿಗೆ ಕಾರಣ ಎಂದು ಅನೇಕ ಅಭಿಮಾನಿಗಳು ಭಾವಿಸಿದರು. ಅವರು ತಮ್ಮೊಳಗೆ ಹಣ ಸಂಗ್ರಹಿಸಿ, ಚಿತ್ರತಂಡಕ್ಕೆ ಕೃತಜ್ಞತೆ ಸಲ್ಲಿಸುವ ಪೂರ್ಣಪುಟದ ಜಾಹೀರಾತನ್ನು ಹಾಲಿವುಡ್‌ನ ‘ಡೈಲಿ ವೆರೈಟಿ’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಸ್ಪರ್ಧೆಯಲ್ಲಿ ಗೆಲ್ಲದ ಕಲಾವಿದರು

ಹಿಚ್‌ಕಾಕ್ ಅವರಿಗೆ ಐದು ಬಾರಿ ನಿರ್ದೇಶನ ವಿಭಾಗದಲ್ಲಿ ನಾಮನಿರ್ದೇಶನವಾದರೂ ಒಮ್ಮೆಯೂ ಪ್ರಶಸ್ತಿ ಬರಲಿಲ್ಲ. ಅವರು ನಿರ್ದೇಶಿಸಿದ ‘ರೆಬೆಕ್ಕಾ’ ಅತ್ಯುತ್ತಮ ಚಿತ್ರವಾಯಿತಾದರೂ ಆ ಪ್ರಶಸ್ತಿ ಸಲ್ಲುವುದು ನಿರ್ಮಾಪಕರಿಗೆ. 1968ರಲ್ಲಿ ಅವರಿಗೆ ಅಕಾಡೆಮಿಯ ಇರ್ವಿಂಗ್ ಥಾಲ್‌ಬರ್ಗ್ ಸ್ಮಾರಕ ಪುರಸ್ಕಾರ ನೀಡಲಾಯಿತು. ನಟ ಪೀಟರ್ ಓಟೂಲ್ ಎಂಟು ಬಾರಿ ನಾಮನಿರ್ದೇಶನಗೊಂಡು ಎಂಟು ಬಾರಿಯೂ ಸೋತರು. 2003ರಲ್ಲಿ ಅವರಿಗೆ ಗೌರವ ಪ್ರಶಸ್ತಿ ದೊರೆಯಿತು.

ಭಾರತೀಯ ಚಿತ್ರಗಳು

ಅಂತಾರಾಷ್ಟ್ರೀಯ ಚಿತ್ರ ವಿಭಾಗದ ಅಂತಿಮ ಪಟ್ಟಿಯನ್ನು ‘ಮದರ್ ಇಂಡಿಯಾ’ (1958), ‘ಸಲಾಂ ಬಾಂಬೆ’ (1989) ಮತ್ತು ‘ಲಗಾನ್’ (2002) ತಲುಪಿದ್ದವು. ಇವು ಕ್ರಮವಾಗಿ ಇಟಲಿಯ ‘ನೈಟ್ಸ್ ಆಫ್ ಕಬೀರಿಯಾ’, ಡೆನ್ಮಾರ್ಕಿನ ‘ಪೆಲೆ ದಿ ಕಾಂಕರರ್’ ಹಾಗೂ ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’ ಎದುರು ಸೋತವು. ಈ ವಿಭಾಗಕ್ಕೆ ಒಂದು ದೇಶದಿಂದ ಒಂದೇ ಚಿತ್ರವನ್ನು ಕಳುಹಿಸಬಹುದಾದ್ದರಿಂದ, ಹತ್ತಾರು ಭಾಷೆಗಳ ಚಿತ್ರರಂಗಗಳಿರುವ ಭಾರತದಲ್ಲಿ ವಿವಾದವು ದೇಶದೊಳಗಿನ ಆಯ್ಕೆಯ ಹಂತದಲ್ಲಿಯೇ ಆರಂಭವಾಗುತ್ತದೆ. ಈ ಆಯ್ಕೆಯನ್ನು ಭಾರತೀಯ ಚಲನಚಿತ್ರ ಒಕ್ಕೂಟವು ನೇಮಿಸುವ ಸಮಿತಿ ನಡೆಸುತ್ತದೆ.

2022ರಲ್ಲಿ ಆ ಸಮಿತಿಯು ತೆಲುಗಿನ ‘ಆರ್‌ಆರ್‌ಆರ್’ ಬದಲಿಗೆ ಗುಜರಾತಿಯ ‘ಛೆಲ್ಲೋ ಶೋ’ ಚಿತ್ರವನ್ನು ಆರಿಸಿತು. ಆರ್‌ಆರ್‌ಆರ್ ಇತರ ವಿಭಾಗಗಳಲ್ಲಿ ನೇರವಾಗಿ ಸ್ಪರ್ಧಿಸಿ, ‘ನಾಟು ನಾಟು’ ಹಾಡಿಗೆ 2023ರಲ್ಲಿ ಪ್ರಶಸ್ತಿ ಗಳಿಸಿತು. 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಪಡೆದಿದ್ದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಚಿತ್ರವನ್ನು ಬಿಟ್ಟು ‘ಲಾಪತಾ ಲೇಡೀಸ್’ ಕಳುಹಿಸಿದ್ದೂ ವ್ಯಾಪಕ ಟೀಕೆಗೆ ಗುರಿಯಾಯಿತು.

ನಿಯಮಗಳ ಮೇಲಾದ ಪರಿಣಾಮ

2009ರಲ್ಲಿ ‘ದಿ ಡಾರ್ಕ್ ನೈಟ್’ ಎಂಟು ನಾಮನಿರ್ದೇಶನ ಪಡೆದರೂ ಅತ್ಯುತ್ತಮ ಚಿತ್ರದ ಐದರ ಪಟ್ಟಿಯಲ್ಲಿ ಸ್ಥಾನ ಪಡೆಯಲಿಲ್ಲ. ಜನಪ್ರಿಯ ಚಿತ್ರಗಳನ್ನು ಅಕಾಡೆಮಿ ಕೀಳಾಗಿ ಕಾಣುತ್ತದೆ ಎಂಬ ಟೀಕೆ ಬಲಗೊಂಡಿತು. ಅದೇ ವರ್ಷದ ಜೂನ್‌ನಲ್ಲಿ ಪಟ್ಟಿಯನ್ನು ಹತ್ತಕ್ಕೆ ಹೆಚ್ಚಿಸುವುದಾಗಿ ಅಕಾಡೆಮಿ ಪ್ರಕಟಿಸಿತು. ಚರ್ಚೆಯ ವೇಳೆ ಆ ಚಿತ್ರದ ಹೆಸರು ಬಂದಿದ್ದನ್ನು ಅಂದಿನ ಅಧ್ಯಕ್ಷ ಸಿಡ್ ಗ್ಯಾನಿಸ್ ಒಪ್ಪಿಕೊಂಡರು.

2015 ಮತ್ತು 2016ರಲ್ಲಿ ನಟನೆಯ ನಾಲ್ಕು ವಿಭಾಗಗಳ ಇಪ್ಪತ್ತೂ ನಾಮನಿರ್ದೇಶನಗಳು ಬಿಳಿಯ ಕಲಾವಿದರಿಗೇ ದೊರೆತವು. ‘ಆಸ್ಕರ್ಸ್ ಸೋ ವೈಟ್’ ಎಂಬ ಹೆಸರಿನ ಆಂದೋಲನ ಸಾಮಾಜಿಕ ಮಾಧ್ಯಮಗಳಲ್ಲಿ ಹರಡಿತು. ಮಹಿಳಾ ಸದಸ್ಯರ ಹಾಗೂ ಇತರ ಜನಾಂಗಗಳ ಸದಸ್ಯರ ಸಂಖ್ಯೆಯನ್ನು 2020ರೊಳಗೆ ದ್ವಿಗುಣಗೊಳಿಸುವ ಗುರಿಯನ್ನು 2016ರಲ್ಲಿ ಅಕಾಡೆಮಿ ಘೋಷಿಸಿ, ಅನ್ಯದೇಶಗಳ ಕಲಾವಿದರನ್ನೂ ಹೆಚ್ಚಾಗಿ ಸೇರಿಸಿಕೊಂಡಿತು. 2020ರಲ್ಲಿ ಕೊರಿಯನ್ ಭಾಷೆಯ ‘ಪ್ಯಾರಾಸೈಟ್’ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಮೊದಲ ಇಂಗ್ಲಿಷೇತರ ಚಿತ್ರವಾಯಿತು. ಮತದಾರರು ಎಲ್ಲ ಚಿತ್ರಗಳನ್ನೂ ನೋಡುವುದೇ ಇಲ್ಲ ಎಂಬುದು ಮತ್ತೊಂದು ಹಳೆಯ ದೂರು. ಅಂತಿಮ ಹಂತದಲ್ಲಿ ಮತ ಹಾಕಲು ಆಯಾ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಬೇಕೆಂಬ ನಿಯಮವನ್ನು 2025ರಲ್ಲಿ ಪ್ರಕಟಿಸಲಾಯಿತು.

ಅಭಿಮಾನಿಗಳ ಮತದಾನದ ಮಿತಿ

ಪ್ರೇಕ್ಷಕರ ಮೆಚ್ಚುಗೆಯನ್ನು ನೇರವಾಗಿ ಗುರುತಿಸುವ ಪ್ರಯತ್ನಗಳು ಸಫಲವಾಗಲಿಲ್ಲ. ಜನಪ್ರಿಯ ಚಿತ್ರಕ್ಕೆಂದು 2018ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಹೊಸ ವಿಭಾಗವನ್ನು ಟೀಕೆಗಳ ಕಾರಣ ಮರುತಿಂಗಳೇ ಮುಂದೂಡಲಾಯಿತು. 2022ರಲ್ಲಿ ಟ್ವಿಟರ್ ಮೂಲಕ ನಡೆಸಿದ ಅಭಿಮಾನಿಗಳ ಆಯ್ಕೆಯಲ್ಲಿ ಒಬ್ಬರು ದಿನಕ್ಕೆ ಹಲವು ಬಾರಿ ಮತ ಹಾಕಬಹುದಾಗಿತ್ತು. ನಿರ್ದೇಶಕ ಜ್ಯಾಕ್ ಸ್ನೈಡರ್ ಅವರ ‘ಆರ್ಮಿ ಆಫ್ ದಿ ಡೆಡ್’ ಅದರಲ್ಲಿ ಗೆದ್ದಿತು. ಸಂಘಟಿತವಾದ ಸಣ್ಣ ಗುಂಪು ಇಂಥ ಮತದಾನದ ಮೇಲೆ ಹೇಗೆ ಪ್ರಭಾವ ಬೀರಬಹುದು ಎಂಬ ಚರ್ಚೆಗೆ ಇದು ಕಾರಣವಾಯಿತು.

ಮೌಲ್ಯಮಾಪನ

ಪ್ರಶಸ್ತಿಯು ನಿರ್ದಿಷ್ಟ ವರ್ಷದಲ್ಲಿ, ನಿರ್ದಿಷ್ಟ ಮತದಾರರು, ನಿರ್ದಿಷ್ಟ ನಿಯಮಗಳಡಿ ನೀಡಿದ ತೀರ್ಪಾಗಿರುತ್ತದೆ. ಹಾಗೆಂದು ಆ ತೀರ್ಪು ಕೇವಲ ಔಪಚಾರಿಕವಲ್ಲ. ತಾರೆಯರಿಲ್ಲದ, ಪ್ರಚಾರಕ್ಕೆ ಹಣವಿಲ್ಲದ ಚಿತ್ರಕ್ಕೆ ನಾಮನಿರ್ದೇಶನವೊಂದೇ ಹೊರದೇಶದ ಪ್ರೇಕ್ಷಕರನ್ನು ತಲುಪುವ ದಾರಿಯಾಗಬಹುದು. ವರ್ಟಿಗೊದಂತಹ ಚಿತ್ರಗಳಿಗೆ ವಿಮರ್ಶಕರು ಮತ್ತು ಪ್ರೇಕ್ಷಕರು ಮುಂದಿನ ದಶಕಗಳಲ್ಲಿ ಮನ್ನಣೆ ನೀಡಿದರು. ಗಮನ ಸೆಳೆಯದೆ ಮರೆಯಾದ ಚಿತ್ರಗಳಿಗೆ ಅಂಥ ಮರುಪರಿಶೀಲನೆಯ ಅವಕಾಶವೂ ಕಡಿಮೆ. ಸೋತ ಚಿತ್ರಗಳ ಹೆಸರನ್ನು ಮತ್ತೆ ಮತ್ತೆ ಎತ್ತುವ ಅಭಿಮಾನಿಗಳ ಚರ್ಚೆಗೆ ಈ ಕಾರಣದಿಂದ ಚಲನಚಿತ್ರ ಇತಿಹಾಸದಲ್ಲಿ ಮಹತ್ವವಿದೆ.