ಮಹಾಧಮನಿಗೆ ಕ್ಲ್ಯಾಂಪ್ ಬಿದ್ದಾಗ

ಹೃದಯದಿಂದ ಹೊರಟು ಎದೆ, ಹೊಟ್ಟೆ ದಾಟಿ ಇಳಿಯುವ ಮಹಾಧಮನಿ ಬಲೂನಿನ ಹಾಗೆ ಉಬ್ಬಿದರೆ, ಕೆಲವೊಮ್ಮೆ ಆ ಭಾಗ ತೆರೆದು ಪಾಲಿಯೆಸ್ಟರ್ ಕೊಳವೆ ಹೊಲಿಯಬೇಕಾಗುತ್ತದೆ. ಹೊಲಿಯಲು, ಕ್ಲ್ಯಾಂಪ್ ಎಂಬ ಇಕ್ಕಳದಿಂದ ಧಮನಿಯನ್ನು ಹಿಡಿದು ರಕ್ತ ನಿಲ್ಲಿಸಬೇಕು. ಆಗ ಕೆಳಗಿನ ಅಂಗಗಳ ಗತಿ?

ಕಿಡ್ನಿಗೆ ತಂಪೇ ರಕ್ಷೆ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ದ್ರಾವಣವನ್ನು ನೇರವಾಗಿ ಅದರ ರಕ್ತನಾಳಕ್ಕೇ ಹರಿಸುತ್ತಾರೆ. ತಣ್ಣಗಾದ ಕಿಡ್ನಿಗೆ ಕಡಿಮೆ ಆಮ್ಲಜನಕ ಸಾಕು. ಕರುಳು, ಲಿವರ್‌ಗೆ ಪಂಪಿನಿಂದ ಸಣ್ಣ ಕೊಳವೆಗಳಲ್ಲಿ ರಕ್ತ ಕಳಿಸಬಹುದು.

ಎಲ್ಲಕ್ಕಿಂತ ನಾಜೂಕು ಬೆನ್ನುಹುರಿ. ಅದಕ್ಕೆ ರಕ್ತ ಕೊಡುವ ಎಷ್ಟೋ ಕವಲುಗಳು ಇದೇ ಮಹಾಧಮನಿಯವು. ಆಪರೇಷನ್ ಚೆನ್ನಾಗಿ ಆಗಿಯೂ ರೋಗಿಯ ಎರಡೂ ಕಾಲು ಬಲ ಕಳೆದುಕೊಳ್ಳಬಹುದು. ಇದಕ್ಕಿಂತ ದೊಡ್ಡ ಸಂಕಟ ಯಾವುದಿದೆ, ಹೇಳಿ? ಬೆನ್ನುಹುರಿಯ ಸುತ್ತಲಿನ ದ್ರವದ ಒತ್ತಡ ಏರಿದರೆ ರಕ್ತ ಒಳಗೆ ಹೋಗುವುದು ಕಷ್ಟ. ಅದಕ್ಕೇ ಸೊಂಟದ ಬಳಿ, ಬೆನ್ನೆಲುಬಿನ ಮೂಳೆಗಳ ನಡುವೆ ತೆಳು ಕೊಳವೆ ಹಾಕಿ ದ್ರವವನ್ನು ಸ್ವಲ್ಪಸ್ವಲ್ಪವೇ ಹೊರಬಿಡುತ್ತಾರೆ. ಜಾಸ್ತಿ ಹೋದರೆ ತಲೆಯೊಳಗೆ ರಕ್ತಸ್ರಾವದ ಅಪಾಯ, ಹಾಗಾಗಿ ಪ್ರತಿ ಹನಿಗೂ ಲೆಕ್ಕ. ಬಿಪಿಯನ್ನೂ ಇಳಿಯಗೊಡುವುದಿಲ್ಲ.

ಅಮೆರಿಕದ ಹ್ಯೂಸ್ಟನ್‌ನ ವೈದ್ಯರು 145 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ದ್ರವ ಹೊರಬಿಡದ ಗುಂಪಿನಲ್ಲಿ ಶೇ. 13 ಮಂದಿಯ ಕಾಲಿಗೆ ತೊಂದರೆಯಾಯಿತು. ಹೊರಬಿಟ್ಟ ಗುಂಪಿನಲ್ಲಿ ಶೇ. 2.6 ಮಾತ್ರ.

ನಿಮ್ಮ ಮನೆಯವರಿಗೆ ಈ ಆಪರೇಷನ್ ನಿಗದಿಯಾಗಿದ್ದರೆ, "ಡಾಕ್ಟ್ರೇ, ಬೆನ್ನುಹುರಿಗೆ, ಕಿಡ್ನಿಗೆ ಏನು ರಕ್ಷಣೆ ಮಾಡ್ತೀರಿ?" ಎಂದು ಮೊದಲೇ ಕೇಳಿ. ಆಮೇಲೂ, ದಿನಗಳು ಕಳೆದ ಮೇಲೆ ಕಾಲು ಸೋತಂತೆ ಅನಿಸಿದರೂ, ತಕ್ಷಣ ತಿಳಿಸಿ.