ನಾಲ್ಕನೆಯ ಕುರ್ಚಿ

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಅಕ್ಕನ ಮನೆಯ ನಡುಕೋಣೆಯಿಂದ ಒಂದು ಸದ್ದು ಏಳುತ್ತಿತ್ತು. ನೂರಾರು ಸಣ್ಣ ಬಿಲ್ಲೆಗಳು ಮೇಜಿನ ಮೇಲೆ ಒಂದಕ್ಕೊಂದು ತಾಕಿ ಕಲಕಲವೆನ್ನುವ ಸದ್ದು. ಇದು 1979ರ ಬೇಸಿಗೆಯ ಮಾತು. ನಾನಾಗ ಕನ್ನಡ ಎಂ.ಎ. ವಿದ್ಯಾರ್ಥಿ; ರಜೆಗೆಂದು ವಿಶಾಖಪಟ್ಟಣಕ್ಕೆ ಹೋಗಿದ್ದೆ. ಭಾವನವರು ನೌಕಾದಳದ ಅಧಿಕಾರಿಗಳು. ಅವರ ಹಡಗು ಕಡಲಿನ ಮೇಲಿರುವಷ್ಟು ದಿನವೂ ಅಕ್ಕನೂ ಇನ್ನು ಮೂವರು ಅಧಿಕಾರಿಗಳ ಪತ್ನಿಯರೂ ಕೂಡಿ ಆ ಬಿಲ್ಲೆಗಳ ಆಟವನ್ನು ಆಡುತ್ತಿದ್ದರು. ಅದರ ಹೆಸರು ಮಾಜಾಂಗ್. ಪಕ್ಕದ ಕೋಣೆಯಲ್ಲಿ ಪಂಪಭಾರತವನ್ನು ತೆರೆದುಕೊಂಡು ಕುಳಿತಿದ್ದ ನನಗೆ ಅದೆಲ್ಲ ಬರಿಯ ಕಾಲಹರಣವೆಂದು ತೋರಿತು. ಒಂದು ಸಂಜೆ ಹಾಗೆಂದು ಹೇಳಿಯೂಬಿಟ್ಟೆ. ಅಕ್ಕ ನಕ್ಕಳು, ಉತ್ತರ ಕೊಡಲಿಲ್ಲ. ಆ ಉತ್ತರದ ಬಹುಭಾಗವನ್ನು ನಾನು ಮುಂದೆ ಪುಸ್ತಕಗಳಿಂದಲೂ ಚಲನಚಿತ್ರಗಳಿಂದಲೂ ತಿಳಿದುಕೊಳ್ಳಬೇಕಾಯಿತು.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಮಾಜಾಂಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದಲ್ಲಿ ರೂಪುಗೊಂಡದ್ದು. ಅಲ್ಲಿನ ಹಳೆಯ ಕಾಗದದ ಎಲೆಗಳ ಆಟಗಳೇ ಅದಕ್ಕೆ ಮೂಲ. ಇಸ್ಪೀಟಿನಲ್ಲಿ ಆಟೀನು, ಕಳಾವರಗಳಿದ್ದಂತೆ ಇದರಲ್ಲಿ ಮೂರು ಜಾತಿಗಳಿವೆ: ನಾಣ್ಯವನ್ನು ಸೂಚಿಸುವ ವೃತ್ತ, ನಾಣ್ಯಗಳ ಸರದಿಂದ ಬಂದ ಬಿದಿರು, ಹತ್ತು ಸಾವಿರವೆಂಬ ಸಂಖ್ಯೆಯನ್ನು ಹೇಳುವ ಅಕ್ಷರ. ಒಂದೊಂದು ಜಾತಿಯಲ್ಲಿಯೂ ಒಂದರಿಂದ ಒಂಬತ್ತರವರೆಗಿನ ಬಿಲ್ಲೆಗಳು. ಪ್ರತಿಯೊಂದಕ್ಕೂ ನಾಲ್ಕು ಪ್ರತಿಗಳು. ಅಲ್ಲಿಗೆ 108 ಆಯಿತು. ನಾಲ್ಕು ದಿಕ್ಕುಗಳ ಗಾಳಿಯವು 16. ಕೆಂಪು, ಹಸಿರು, ಬಿಳಿ ಎಂಬ ಮೂರು ಡ್ರಾಗನ್‌ಗಳವು 12. ಹೂವುಗಳವೂ ಋತುಗಳವೂ ಸೇರಿ 8. ಒಟ್ಟು 144. ರಮ್ಮಿಯನ್ನು ಬಲ್ಲವರಿಗೆ ಉಳಿದದ್ದು ಸುಲಭ. ಕೈಯಲ್ಲಿ 13 ಬಿಲ್ಲೆ. ಒಂದನ್ನು ಎತ್ತುವುದು, ಒಂದನ್ನು ಬಿಡುವುದು. ಹದಿನಾಲ್ಕನೆಯದು ಬಂದು ನಾಲ್ಕು ಕೂಟಗಳೂ ಒಂದು ಜೋಡಿಯೂ ಕೂಡಿಬಂದರೆ ಗೆಲವು. ಒಬ್ಬರು ಬೇಡವೆಂದು ಬಿಟ್ಟದ್ದರಿಂದಲೇ ಇನ್ನೊಬ್ಬರು ಗೆಲ್ಲಬಹುದು. ಆದ್ದರಿಂದ ಆಡುವವರ ಕಣ್ಣು ತಮ್ಮ ಬಿಲ್ಲೆಗಳ ಮೇಲೆ ಎಷ್ಟೋ ಎದುರಿನವರ ಮುಖದ ಮೇಲೂ ಅಷ್ಟೇ ಇರಬೇಕಾಗುತ್ತದೆ.

ಹೆಸರಿಗೂ ಗುಬ್ಬಚ್ಚಿಗೂ ಸಂಬಂಧವುಂಟು. ಬಿಲ್ಲೆಗಳನ್ನು ಕಲಸುವ ಸದ್ದು ಗುಬ್ಬಚ್ಚಿಗಳ ಚಿಲಿಪಿಲಿಯನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಬಿದಿರಿನ ಒಂದನೆಯ ಬಿಲ್ಲೆಯ ಮೇಲೆ ಸಾಮಾನ್ಯವಾಗಿ ಹಕ್ಕಿಯ ಚಿತ್ರವೇ ಇರುತ್ತದೆ. ಚೀನೀಯರು ಈ ಕಲಸುವಿಕೆಯನ್ನು ‘ತೊಳೆಯುವುದು’ ಎನ್ನುತ್ತಾರೆ.

ಈ ಆಟವನ್ನು ಪಶ್ಚಿಮದಲ್ಲಿ ಹರಡಿದವರಲ್ಲಿ ಮುಖ್ಯನಾದವನು ಜೋಸೆಫ್ ಬ್ಯಾಬ್‌ಕಾಕ್. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ನೌಕರನಾಗಿ ಚೀನಾದ ಸೂಚೌ ನಗರದಲ್ಲಿದ್ದ ಈ ಅಮೆರಿಕನ್ ನಿಯಮಗಳನ್ನು ಸರಳಗೊಳಿಸಿ 1920ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದ. ಕೆಲವೇ ವರ್ಷಗಳಲ್ಲಿ ಅಮೆರಿಕಕ್ಕೆ ಮಾಜಾಂಗ್ ಹುಚ್ಚು ಹಿಡಿಯಿತು. ಹುಚ್ಚು ಇಳಿದ ಮೇಲೂ ಆಟವನ್ನು ಉಳಿಸಿಕೊಂಡವರಲ್ಲಿ ನ್ಯೂಯಾರ್ಕಿನ ಯಹೂದಿ ಸ್ತ್ರೀಯರು ಪ್ರಮುಖರು; 1937ರಲ್ಲಿ ಅವರು ಇದಕ್ಕೆಂದೇ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಹುಟ್ಟಿದ ನಾಡಿನಲ್ಲಿ ಮಾತ್ರ 1949ರ ಕ್ರಾಂತಿಯ ತರುವಾಯ ಇದು ಜೂಜೆಂದು ತಿರಸ್ಕೃತವಾಯಿತು. 1998ರಲ್ಲಿ ಅಲ್ಲಿನ ಕ್ರೀಡಾ ಇಲಾಖೆಯೇ ಇದಕ್ಕೆ ಅಧಿಕೃತ ನಿಯಮಗಳನ್ನು ರಚಿಸಿತು. ಜೂಜೆಂಬ ಆರೋಪ ಸುಳ್ಳಲ್ಲ. ಹಣವಿಟ್ಟು ಆಡಿ ಸೋತವರು ಎಷ್ಟೋ ಮಂದಿ.

ಆದರೆ ಕಥೆಗಾರರಿಗೆ ಈ ಮೇಜಿನ ಮೇಲೆ ಕಂಡದ್ದು ಹಣವಲ್ಲ. ನಮ್ಮ ಕುಮಾರವ್ಯಾಸನ ಸಭಾಪರ್ವದಲ್ಲಿ ದಾಳ ಉರುಳಿದಾಗ ರಾಜ್ಯ ಹೋಗುತ್ತದೆ, ಮಾನ ಹೋಗುತ್ತದೆ. ಸಭೆಗೆ ಸಭೆಯೇ ನೋಡುತ್ತಿರುತ್ತದೆ. ಮಾಜಾಂಗಿಗೆ ಸಭೆಯಿಲ್ಲ. ಇರುವವರು ನಾಲ್ವರು, ಎಲ್ಲರೂ ಆಡುವವರೇ. ಗಂಟೆಗಟ್ಟಲೆ ಮುಖಕ್ಕೆ ಮುಖ ಕೊಟ್ಟು ಕುಳಿತಿರಬೇಕು. ಕೈಗೆ ಕೆಲಸವಿರುವುದರಿಂದ ಬಾಯಿ ಸಡಿಲವಾಗುತ್ತದೆ. ಹೇಳಬಾರದ ಮಾತೂ ಅಲ್ಲಿ ಸುಳಿದಾಡುತ್ತದೆ.

ಅಗಾಥಾ ಕ್ರಿಸ್ಟಿ ಇದನ್ನು ಬಹು ಬೇಗ ಕಂಡುಕೊಂಡಳು. 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯ ಒಂದು ಅಧ್ಯಾಯವೆಲ್ಲ ಮಾಜಾಂಗ್ ಆಟವೇ. ಹಳ್ಳಿಯ ವೈದ್ಯ, ಅವನ ಅಕ್ಕ, ಒಬ್ಬ ಕರ್ನಲ್, ನೆರೆಯ ಮಹಿಳೆ ಈ ನಾಲ್ವರು ಬಿಲ್ಲೆ ಎತ್ತುತ್ತ, ಇಡುತ್ತ, ನಡುನಡುವೆ ಊರಿನ ಕೊಲೆಯನ್ನು ಚರ್ಚಿಸುತ್ತಾರೆ. ಹೆಂಗಸರು ಎಷ್ಟು ಕೆದಕಿದರೂ ಬಾಯಿ ಬಿಡದ ವೈದ್ಯನಿಗೆ ಒಮ್ಮೆ ಅಪರೂಪದ ಪೂರ್ಣ ಗೆಲವು ಒದಗುತ್ತದೆ. ಆ ಉಬ್ಬಿನಲ್ಲಿ ಅವನು ಪತ್ತೇದಾರನಿಗೆ ದೊರೆತ ಉಂಗುರದ ಸಂಗತಿಯನ್ನು ಹೊರಗೆಡಹುತ್ತಾನೆ.

ಐಲೀನ್ ಚಾಂಗ್ ಬರೆದ ‘ಲಸ್ಟ್, ಕಾಷನ್’ ಕಥೆಯಲ್ಲಿ ಇದೇ ಮೇಜು ಮುಖವಾಡವಾಗುತ್ತದೆ. ಜಪಾನೀಯರ ಹಿಡಿತದಲ್ಲಿದ್ದ ಶಾಂಘೈ. ಶತ್ರುವಿನೊಡನೆ ಕೈಜೋಡಿಸಿದ ಅಧಿಕಾರಿಯ ಮನೆ. ಆಡುತ್ತಿರುವ ಹೆಂಗಸರ ಬೆರಳುಗಳಲ್ಲಿ ವಜ್ರದ ಉಂಗುರಗಳು ಮಿನುಗುತ್ತವೆ. ಅವರಲ್ಲಿ ಒಬ್ಬಳು ಆ ಅಧಿಕಾರಿಯನ್ನು ಕೊಲ್ಲಿಸಲು ವೇಷ ಮರೆಸಿ ಬಂದ ವಿದ್ಯಾರ್ಥಿನಿ. ಮೇಜಿನಲ್ಲಿ ಆರಂಭವಾದ ಕಥೆ ಮೇಜಿನಲ್ಲಿಯೇ ಮುಗಿಯುತ್ತದೆ. ಆ ವೇಳೆಗೆ ಹುಡುಗಿ ಸತ್ತಿದ್ದಾಳೆ. ಉಳಿದವರ ಮಾತು ಔತಣದೂಟವನ್ನು ಕುರಿತದ್ದು. ಆಂಗ್ ಲೀ 2007ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ವಾಂಗ್ ಕಾರ್-ವಾಯ್ ಅವರ 2000ದ ‘ಇನ್ ದಿ ಮೂಡ್ ಫಾರ್ ಲವ್’ ಚಿತ್ರದಲ್ಲಿ ಮನೆಯೊಡೆಯರು ರಾತ್ರಿಯಿಡೀ ಮಾಜಾಂಗ್ ಆಡುತ್ತಿರುವುದರಿಂದ ನಾಯಕಿ ನಾಯಕನ ಕೋಣೆಯಿಂದ ಹೊರಗೆ ಬರಲಾರದೆ ಉಳಿಯುತ್ತಾಳೆ. ಅಲ್ಲಿ ಆಟವೆಂದರೆ ಲೋಕದ ಕಣ್ಣು.

2018ರ ‘ಕ್ರೇಜಿ ರಿಚ್ ಏಷ್ಯನ್ಸ್’ ಚಿತ್ರ ಹಗುರವಾದದ್ದು. ಆದರೂ ಅದರ ಒಂದು ದೃಶ್ಯವನ್ನು ನಾನು ಮರೆಯಲಾರೆ. ಅದು ಮೂಲ ಕಾದಂಬರಿಯಲ್ಲಿಲ್ಲ. ಅರ್ಥಶಾಸ್ತ್ರದ ಅಧ್ಯಾಪಕಿ ರೇಚಲ್ ತನ್ನನ್ನು ಸೊಸೆಯೆಂದು ಒಪ್ಪದ ಶ್ರೀಮಂತ ಎಲಿನರ್‌ಳ ಎದುರು ಆಡಲು ಕೂರುತ್ತಾಳೆ. ಗೆಲವಿಗೆ ಬೇಕಾದ ಬಿದಿರಿನ ಎಂಟು ರೇಚಲ್‌ಳ ಕೈಗೇ ಬರುತ್ತದೆ; ತಿಳಿದೂ ತಿಳಿದೂ ಬಿಟ್ಟುಕೊಡುತ್ತಾಳೆ. ಎಲಿನರ್ ಅದನ್ನೆತ್ತಿಕೊಂಡು ಗೆಲ್ಲುತ್ತಾಳೆ. ಆಮೇಲೆ ರೇಚಲ್ ತನ್ನ ಬಿಲ್ಲೆಗಳನ್ನು ತೆರೆದು ತೋರಿಸುತ್ತಾಳೆ. ನಿಮ್ಮ ಮಗನನ್ನೂ ಹೀಗೆಯೇ ಬಿಟ್ಟುಕೊಟ್ಟೆನೆಂಬ ಅರ್ಥವನ್ನು ಆ ಬಿಲ್ಲೆಗಳೇ ಹೇಳುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು ಏಮಿ ತಾನ್ ಅವರ 1989ರ ‘ದಿ ಜಾಯ್ ಲಕ್ ಕ್ಲಬ್’. ಯುದ್ಧಕಾಲದ ಕ್ವೀಲಿನ್ ನಗರದಲ್ಲಿ, ಬಾಂಬುಗಳ ನಡುವೆ, ನಾಲ್ವರು ಹೆಂಗಸರು ವಾರಕ್ಕೊಮ್ಮೆ ಕೂಡಿ ಮಾಜಾಂಗ್ ಆಡುತ್ತಾರೆ. ಹೊರಗೆ ಜನ ಸಾಯುತ್ತಿರುವಾಗ ಇವರದೇನು ಸಂಭ್ರಮವೆಂದು ಲೋಕ ಆಡಿಕೊಳ್ಳುತ್ತದೆ. ಆ ಕೂಟವನ್ನು ಆರಂಭಿಸಿದಾಕೆ ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಮತ್ತೆ ಕಟ್ಟುತ್ತಾಳೆ. ಆಕೆ ತೀರಿಕೊಂಡ ಮೇಲೆ ನಾಲ್ಕನೆಯ ಕುರ್ಚಿಯಲ್ಲಿ ಮಗಳು ಕೂರಬೇಕಾಗುತ್ತದೆ. ಅಂದಿನ ಆಟ ಮುಗಿದಾಗ ಉಳಿದ ಮೂವರು ಆಕೆಗೆ ತಿಳಿಸುತ್ತಾರೆ: ಯುದ್ಧದ ದಾರಿಯಲ್ಲಿ ತಾಯಿ ಬಿಟ್ಟುಬರಬೇಕಾದ ಅವಳಿ ಹೆಣ್ಣುಮಕ್ಕಳು ಚೀನಾದಲ್ಲಿ ಬದುಕಿದ್ದಾರೆ.

ಆ ಪುಸ್ತಕವನ್ನು ಮುಚ್ಚಿದಾಗ ನನಗೆ ವಿಶಾಖಪಟ್ಟಣದ ಸದ್ದು ನೆನಪಾಯಿತು. ಲೋಕ ಆಡಿಕೊಂಡ ಮಾತನ್ನೇ ನಾನೂ ಆಡಿದ್ದೆ. ಅಕ್ಕನಿಗೆ ಎಪ್ಪತ್ತಾದ ಮೇಲೆ ಒಮ್ಮೆ ಸಂಕೋಚದಿಂದ ಆ ಪ್ರಸ್ತಾಪ ತೆಗೆದೆ. ಆಕೆ ಅದನ್ನು ಮರೆತಿರಲಿಲ್ಲ. 1971ರ ಡಿಸೆಂಬರ್ 9ರಂದು ಖುಕ್ರಿ ಹಡಗು ಅರಬ್ಬಿ ಸಮುದ್ರದಲ್ಲಿ ಮುಳುಗಿದಾಗ ಆಕೆ ಮುಂಬಯಿಯಲ್ಲಿದ್ದಳು, ಹೊಸದಾಗಿ ಮದುವೆಯಾದವಳು. ಮುಳುಗಿದ್ದು ಯಾರ ಹಡಗೆಂದು ತಿಳಿಯುವವರೆಗೆ ಅವರಿದ್ದ ಮನೆಗಳಲ್ಲಿ ಯಾರೂ ಮಲಗಲಿಲ್ಲವಂತೆ. ಹಿರಿಯ ಹೆಂಗಸೊಬ್ಬರು ಆಕೆಯನ್ನು ಕರೆದು ಮಾಜಾಂಗ್ ಕಲಿಸಿದ್ದು ಆ ದಿನಗಳಲ್ಲಿಯೇ. ಆಡುವಾಗ ಹಡಗಿನ ಮಾತು ಎತ್ತಕೂಡದೆಂಬುದು ಅವರ ಮೊದಲ ನಿಯಮ.

“ನೀನು ಕಾಲಹರಣ ಎಂದೆ, ಅದು ನಿಜವೇ” ಎಂದಳು ಅಕ್ಕ. “ಹಡಗು ಬರುವವರೆಗೆ ನಾವು ಕಳೆಯಬೇಕಾಗಿದ್ದದ್ದು ಕಾಲವನ್ನೇ.”

ಅಂದು ಆಕೆ ನನಗೂ ಆಟವನ್ನು ಕಲಿಸಿದಳು. ಎರಡು ದಿನವೂ ನಾನೇ ಸೋತೆ. ಪುಸ್ತಕ ಓದುವವನಂತೆ ನಿನ್ನ ಬಿಲ್ಲೆಗಳನ್ನೇ ನೋಡುತ್ತಿರುತ್ತೀ, ಎದುರಿಗಿರುವವರ ಮುಖವನ್ನು ನೋಡುವುದಿಲ್ಲ ಎಂದು ಗದರಿದಳು. ಈಗ ಆಕೆಯಿಲ್ಲ, ಬಿಲ್ಲೆಗಳ ಪೆಟ್ಟಿಗೆ ನನ್ನ ಬಳಿಯಿದೆ. ಮನೆಯಲ್ಲಿ ನಾಲ್ವರು ಸೇರುವುದು ಹಬ್ಬದ ದಿನಗಳಲ್ಲಿ ಮಾತ್ರ. ಆಗ ಪೆಟ್ಟಿಗೆಯನ್ನು ತೆರೆಯುತ್ತೇನೆ.